ಹದಿನಾಲ್ಕನೆಯ ಪುಟದ ರೋಗ

ವಂಡ್ಸೆ
9 ಜುಲೈ 1961

ಮಾನ್ಯ ಡಾ. ಚೆನ್ನಿಗರಾಯರಿಗೆ,

ನೀವು ಬರೆದ ‘ರಾಸುಗಳ ಆರೈಕೆ’ ಎಂಬ ಕೈಪಿಡಿ ನಮ್ಮ ಮನೆಯಲ್ಲಿದೆ. ರಾಸು ಎಂಬ ಮಾತು ನಮ್ಮ ಕಡೆ ಇಲ್ಲ. ಮೇಲಿನ ಚಿತ್ರ ನೋಡಿ ಜಾನುವಾರು ಎಂದು ತಿಳಿದುಕೊಂಡೆವು. ಸಂದೇಹವಿದ್ದವರು ಈ ವಿಳಾಸಕ್ಕೆ ಬರೆಯಬಹುದು ಎಂದು ಹಿಂದಿನ ರಟ್ಟಿನಲ್ಲಿ ಅಚ್ಚಾಗಿರುವುದರಿಂದ ಬರೆಯುತ್ತಿದ್ದೇನೆ.

ಹದಿನಾಲ್ಕನೆಯ ಪುಟದಲ್ಲಿ ‘ಚಪ್ಪೆ ರೋಗ’ ಎಂದಿದೆ. ಮಳೆ ಹಿಡಿಯುವ ಹೊತ್ತಿಗೆ ಎಳೆಯ ರಾಸುಗಳಿಗೆ ಬರುತ್ತದೆ, ಮೊದಲೇ ಚುಚ್ಚುಮದ್ದು ಹಾಕಿಸಬೇಕು ಎಂದಿದೆ. ರೋಗ ಹೇಗಿರುತ್ತದೆ ಎಂದು ಬರೆದಿಲ್ಲ. ಕೊನೆಯಲ್ಲಿ ಪದಗಳ ಅರ್ಥ ಕೊಟ್ಟಿದ್ದೀರಿ, ಅಲ್ಲಿಯೂ ಚಪ್ಪೆ ಇಲ್ಲ. ಉಪ್ಪಿನ ಕೊರತೆಯಿಂದ ಬರುವ ರೋಗವೇ ಅದು? ಹೌದೋ ಅಲ್ಲವೋ, ಅಷ್ಟು ಬರೆದರೆ ಸಾಕು. ದಯವಿಟ್ಟು ಮರುಟಪಾಲಿಗೆ ಬರೆಯಿರಿ.

ಇತಿ,
ಜಿ. ಶೆಡ್ತಿ

*

ಬೆಂಗಳೂರು
20 ಜುಲೈ 1961

ಶ್ರೀ ಜಿ. ಶೆಟ್ಟರಿಗೆ ನಮಸ್ಕಾರಗಳು.

ನಿಮ್ಮ ಸಹಿಯಲ್ಲಿ ಒಂದು ಅಕ್ಷರ ಜಾರಿದೆ, ನಾನು ತಿದ್ದಿಕೊಂಡಿದ್ದೇನೆ. ಕೈಪಿಡಿ ಹೊರಬಂದು ನಾಲ್ಕು ತಿಂಗಳಾಯಿತು. ಇದುವರೆಗೆ ಬಂದದ್ದೆಲ್ಲ ಇನ್ನೊಂದು ಪ್ರತಿ ಕಳಿಸಿ ಎಂಬ ಕಾಗದಗಳೇ. ಪುಟ ಹಿಡಿದು, ಪದ ಹಿಡಿದು ಕೇಳಿದವರು ನೀವೊಬ್ಬರೇ. ಬರೆದವನಿಗೆ ಇದಕ್ಕಿಂತ ಸಂತೋಷ ಬೇರೆ ಇಲ್ಲ.

ಚಪ್ಪೆ ಎಂದರೆ ಸೊಂಟದ ಕೆಳಗೆ, ತೊಡೆ ಕೂಡುವ ಭಾಗ. ನಮ್ಮ ಹಾಸನ, ಮೈಸೂರು ಕಡೆ ಮಗುವೂ ಬಲ್ಲ ಮಾತಾದ್ದರಿಂದ ಪಟ್ಟಿಗೆ ಹಾಕಲಿಲ್ಲ. ಈ ರೋಗದಲ್ಲಿ ರಾಸು ಇದ್ದಕ್ಕಿದ್ದಂತೆ ಕುಂಟುತ್ತದೆ, ಮೈ ಕಾದ ಹಂಚಾಗುತ್ತದೆ. ಚಪ್ಪೆಯಲ್ಲೋ ತೊಡೆಯಲ್ಲೋ ಬಾವು ಬರುತ್ತದೆ. ಒತ್ತಿದರೆ ಒಳಗೆ ಗಾಳಿ ತುಂಬಿದಂತೆ ಪರಪರ ಎನ್ನುತ್ತದೆ. ಮಣ್ಣಿನಲ್ಲಿರುವ ಅಣುಜೀವಿ ಕಾರಣ. ಮೇವುಂಡು ಮೈಕೈ ತುಂಬಿಕೊಂಡ ಎಳೆಯವನ್ನೇ ಆರಿಸಿಕೊಂಡು ಬರುತ್ತದೆ, ಒಂದೆರಡು ದಿನದಲ್ಲಿ ಮುಗಿಸುತ್ತದೆ. ಮೊದಲೇ ಚುಚ್ಚುಮದ್ದು ಹಾಕಿಸುವುದೊಂದೇ ದಾರಿ.

ಉಪ್ಪಿಗೂ ಇದಕ್ಕೂ ಸಂಬಂಧವಿಲ್ಲ. ಕಾಫಿಯ ಹೊತ್ತಿನಲ್ಲಿ ನಿಮ್ಮ ಪ್ರಶ್ನೆಯನ್ನು ಸಹೋದ್ಯೋಗಿಗಳಿಗೆ ಓದಿ ಹೇಳಿದೆ, ಎಲ್ಲರೂ ನಕ್ಕರು. ನಿಮ್ಮ ಊರಿನಲ್ಲಿ ಹಾಗೆ ತಿಳಿದವರಿದ್ದರೆ ನೀವೂ ನಕ್ಕು ತಿದ್ದಿಬಿಡಿ.

ಎರಡನೆಯ ಮುದ್ರಣಕ್ಕೆ ಸಿದ್ಧತೆ ನಡೆದಿದೆ. ಕೆಲವು ಪದಗಳ ಪಟ್ಟಿಯನ್ನು ಇದರೊಳಗೆ ಇಟ್ಟಿದ್ದೇನೆ. ನಿಮ್ಮ ಕಡೆ ಇವಕ್ಕೆ ಏನೆನ್ನುತ್ತಾರೆ, ಬಿಡುವಾದಾಗ ಬರೆಯುತ್ತೀರಾ?

ವಿಶ್ವಾಸಿ,
ಚೆನ್ನಿಗರಾಯ

*

ವಂಡ್ಸೆ
28 ಜುಲೈ 1961

ಮಾನ್ಯರೇ,

ಅಕ್ಷರ ಜಾರಿರಲಿಲ್ಲ. ಶೆಟ್ಟರ ಮನೆಯ ಹೆಂಗಸನ್ನು ನಮ್ಮಲ್ಲಿ ಶೆಡ್ತಿ ಎನ್ನುತ್ತಾರೆ. ನನ್ನ ಹೆಸರು ಗುಲಾಬಿ.

ಇಲ್ಲಿ ಯಾರೂ ನಗಲಿಲ್ಲ. ನಮ್ಮ ಕಡೆ ಚಪ್ಪೆ ಎಂದರೆ ಉಪ್ಪಿಲ್ಲದ್ದು. ಸಾರಿಗೆ ಉಪ್ಪು ಮರೆತರೆ ಸಾರು ಚಪ್ಪೆ. ನಮಗೂ ಅದು ಮಗುವೂ ಬಲ್ಲ ಮಾತೇ.

ನಮ್ಮ ಮನೆಯ ಯಜಮಾನರು ನನ್ನ ತಾಯಿಯ ಅಣ್ಣ, ಅಣ್ಣಯ್ಯ ಶೆಟ್ಟರು. ನಾಲ್ಕೂರಿನಲ್ಲಿ ಪೇಪರು ತರಿಸಿ ಓದುವವರು ಅವರೊಬ್ಬರೇ ಆದ್ದರಿಂದ ಅವರ ಮಾತಿಗೆ ತೂಕ. ಮೇ ತಿಂಗಳಲ್ಲಿ ಕುಂದಾಪುರದ ಪಶು ಆಸ್ಪತ್ರೆಯ ಸ್ಟಾಕ್‌ಮನ್ ರತ್ನಾಕರರು ಶಾಲೆಯ ಬಯಲಿಗೆ ಮದ್ದು ತರುತ್ತಾರೆಂದು ಡಂಗುರವಾಯಿತು. ಹಿಂದಿನ ಸಂಜೆ ಹೊಳೆಯಾಚೆಯವರು ನಮ್ಮ ಜಗಲಿಗೆ ಬಂದು ಇದು ಯಾವ ರೋಗದ ಮದ್ದು, ಹಾಕಿಸಿದರೆ ಹೋರಿ ನಿತ್ರಾಣವಾಗುವುದಿಲ್ಲವೇ ಎಂದು ಕೇಳಿದರು. ಮಾವ ನಿಮ್ಮ ಪುಸ್ತಕ ಓದಿದ್ದರು. ಹೇಳಿದರು: “ಚಪ್ಪೆ ರೋಗ ಅಂದ್ರೆ ಉಪ್ಪಿಲ್ದೆ ಬಪ್ಪುದ್. ಅದ್ಕ್ ಸೂಜಿ ಎಂತಕ್? ಅಕ್ಕಚ್ಚಿಗ್ ದಿನಾ ಒಂದ್ ಮುಷ್ಟಿ ಉಪ್ಪ್ ಹಾಕಿ, ಸಾಕ್.”

ಮೂರು ಮನೆಯವರು ಮರುದಿನ ಹೋರಿ ಕರೆದೊಯ್ಯಲಿಲ್ಲ. ರತ್ನಾಕರರು ಕಾದು ಕಾದು ಮುಂದಿನ ಊರಿಗೆಂದು ಕೊಲ್ಲೂರಿನ ಬಸ್ಸು ಹಿಡಿದರು.

ಜೂನ್ ಹದಿನಾಲ್ಕರಂದು ಬಚ್ಚ ಓಡಿ ಬಂದ. ಹೊಳೆಯಾಚೆ ಗೇಣಿಗೆ ಗದ್ದೆ ಮಾಡುವವನು. “ಶೆಟ್ರೆ, ಹೋರಿ ಕುಂಟ್ತಿತ್ತ್. ತೊಡಿ ಬಾತಿತ್ತ್, ಕೈ ಒತ್ರೆ ಒಳ್ಗೆ ಪರಪರ ಅಂತಿತ್ತ್” ಎಂದ. ನೀವು ಬರೆದ ಮಾತುಗಳನ್ನೇ ಅವನು ಒಂದು ತಿಂಗಳು ಮೊದಲು ನಮ್ಮ ಅಂಗಳದಲ್ಲಿ ನಿಂತು ಹೇಳಿದ್ದ. ಅವನ ಎರಡು ಹೋರಿ ಸತ್ತವು, ನಮ್ಮ ಎರಡು, ಅವನ ನೆರೆಯ ನಾಗನ ಮನೆಯದು ಒಂದು. ಬಚ್ಚನವು ಈ ವರ್ಷವೇ ನೊಗ ಕಲಿತವು. ಎಲ್ಲರ ಉಳುಮೆ ಮುಗಿದ ಮೇಲೆ ಬೇರೆಯವರ ಹೋರಿ ಬೇಡಿ ಅವನು ಮೊನ್ನೆ ಗದ್ದೆಗಿಳಿದ.

ಅಂದಿನಿಂದ ಮಾವ ಕೂರುವುದಿಲ್ಲ. ಊಟದ ಬಾಳೆಲೆಯ ಎದುರು ಕೂತರೂ ಎರಡು ತುತ್ತಿಗೆ ಏಳುತ್ತಾರೆ. ಮಳೆಯಲ್ಲಿ ಕೊಲ್ಲೂರಿನ ದಾರಿಯಲ್ಲಿ ಅಷ್ಟು ದೂರ ಹೋಗುತ್ತಾರೆ, ತಿರುಗಿ ಬರುತ್ತಾರೆ. ಪೇಪರು ಕಟ್ಟು ಬಿಚ್ಚದೆ ಬಿದ್ದಿದೆ. “ಎಂತಕ್ ಹೀಂಗ್ ತಿರ್ಗುದ್?” ಎಂದು ಅಮ್ಮ ಕೇಳಿದರೆ “ಕೂಕಂಬುಕೆ ಆತಿಲ್ಲ” ಎನ್ನುತ್ತಾರೆ.

ನಕ್ಕು ತಿದ್ದಿ ಎಂದು ಬರೆದ ನಿಮ್ಮ ಕಾಗದವನ್ನು ನಾನು ಅವರಿಗೆ ತೋರಿಸಿಲ್ಲ. ನೀವು ಅವರ ಹೆಸರಿಗೆ ಬೇರೊಂದು ಕಾಗದ ಬರೆಯಬೇಕು. ತಪ್ಪು ಪುಸ್ತಕದ್ದು, ಓದಿದವರದ್ದಲ್ಲ ಎಂದು. ನಿಮ್ಮ ಪಟ್ಟಿ ನನ್ನ ಬಳಿ ಇದೆ. ಮೊದಲು ಆ ಕಾಗದ ಬರಲಿ.

ಗುಲಾಬಿ ಶೆಡ್ತಿ

*

ಬೆಂಗಳೂರು
14 ಸೆಪ್ಟೆಂಬರ್ 1961

ಶ್ರೀಮತಿ ಗುಲಾಬಿಯವರಿಗೆ,

ತಮ್ಮ 28ನೆಯ ಜುಲೈ ತಾರೀಖಿನ ಪತ್ರ ಕೈಪಿಡಿ ಸಮಿತಿಯ ಮುಂದೆ ಬಂದಿತು. ತಮ್ಮ ಊರಿನಲ್ಲಿ ಆದ ನಷ್ಟಕ್ಕೆ ಸಮಿತಿ ವಿಷಾದ ವ್ಯಕ್ತಪಡಿಸಿದೆ.

‘ಚಪ್ಪೆ ರೋಗ’ ಎಂಬುದು ಬಹುಕಾಲದಿಂದ ರೂಢಿಯಲ್ಲಿರುವ ಪದ. ಕೈಪಿಡಿಯಲ್ಲಿ ಚುಚ್ಚುಮದ್ದು ಹಾಕಿಸಬೇಕೆಂದು ಸ್ಪಷ್ಟವಾಗಿ ಹೇಳಿದೆ. ಉಪ್ಪು ಹಾಕಿ ಎಂದು ಎಲ್ಲಿಯೂ ಹೇಳಿಲ್ಲ. ಆದ್ದರಿಂದ ಮುದ್ರಿತ ಪಾಠದಲ್ಲಿ ದೋಷವಿದೆ ಎಂದು ಬರೆದುಕೊಡಲು ಬರುವುದಿಲ್ಲ. ಎರಡನೆಯ ಮುದ್ರಣದ ಒಂದು ಪ್ರತಿಯನ್ನು ತಮ್ಮ ಮಾವನವರಿಗೆ ಉಚಿತವಾಗಿ ಕಳುಹಿಸಲಾಗುವುದು.

ವೈಯಕ್ತಿಕವಾಗಿ ನನಗೂ ಬೇಸರವಾಗಿದೆ.

ಚೆನ್ನಿಗರಾಯ

*

ವಂಡ್ಸೆ
25 ಸೆಪ್ಟೆಂಬರ್ 1961

ಮಾನ್ಯರೇ,

ಉಚಿತ ಪ್ರತಿ ಕಳುಹಿಸಬೇಡಿ. ಆ ಮುಖಪುಟ ಕಂಡರೆ ಅಮ್ಮ ಒಲೆಗೆ ಹಾಕುತ್ತಾಳೆ.

ಮಾವನ ಹೆಸರಿಗೆ ನಿಮ್ಮ ಕಾಗದ ಬಾರದೆ ನಾನು ಪಟ್ಟಿ ತುಂಬಬಾರದೆಂದಿದ್ದೆ. ಆದರೆ ಎರಡನೆಯ ಮುದ್ರಣ ಬರುತ್ತದೆ ಎಂದು ತಿಳಿದ ಮೇಲೆ ಸುಮ್ಮನಿರಲು ಆಗುತ್ತಿಲ್ಲ. ಪುಸ್ತಕವನ್ನು ಮತ್ತೆ ಮೊದಲಿನಿಂದ ಓದಿದೆ. ಈ ಸಲ ಕೈಯಲ್ಲಿ ಬೇರೆ ಕೆಲಸ ಇಟ್ಟುಕೊಳ್ಳಲಿಲ್ಲ.

ಗಿಣ್ಣು ನಮಗೂ ಗಿಣ್ಣೇ. ಗಬ್ಬ ನಮಗೂ ಗಬ್ಬವೇ. ಕಲಗಚ್ಚು ಎಂದರೆ ಇಲ್ಲಿ ಯಾರಿಗೂ ಗೊತ್ತಿಲ್ಲ, ಅಕ್ಕಿ ತೊಳೆದ ನೀರು ನಮಗೆ ಅಕ್ಕಚ್ಚು. ಕರು ಹಾಕಿದ ಮೇಲೆ ‘ಮಾಸು’ ಬೀಳದಿದ್ದರೆ ಡಾಕ್ಟರನ್ನು ಕರೆಯಿರಿ ಎಂದಿದ್ದೀರಿ. ಮಾಸುವುದು ಎಂದರೆ ನಮಗೆ ಬಟ್ಟೆ ಕೊಳೆಯಾಗುವುದು, ಕರುವಿನ ಹಿಂದೆ ಬೀಳುವ ಚೀಲವಲ್ಲ. ದನ ಎಂದರೆ ನಮ್ಮಲ್ಲಿ ಹಸು ಮಾತ್ರ. ‘ದನಗಳಿಗೆ ಮದ್ದು ಹಾಕಿಸಿ’ ಎಂದು ಓದಿದವನು ಹೋರಿಯನ್ನು ಮನೆಯಲ್ಲೇ ಬಿಟ್ಟು ಹೋಗುತ್ತಾನೆ.

ಇವೆಲ್ಲ ಇರಲಿ. ಇಪ್ಪತ್ತೆರಡನೆಯ ಪುಟ ತೆಗೆಯಿರಿ. ಕಾಲುಬಾಯಿ ಜ್ವರ ಬಂದಾಗ ‘ಹಟ್ಟಿಯಿಂದ ಯಾವ ರಾಸನ್ನೂ ಹೊರಗೆ ಬಿಡಬಾರದು’ ಎಂದು ಬರೆದಿದ್ದೀರಿ. ನಿಮ್ಮಲ್ಲಿ ಹಟ್ಟಿ ಎಂದರೆ ಹತ್ತು ಮನೆಗಳ ಕೇರಿ ಎಂದು ರತ್ನಾಕರರಿಂದ ತಿಳಿದೆ. ನಮ್ಮಲ್ಲಿ ಹಟ್ಟಿ ಎಂದರೆ ಜಾನುವಾರು ಕಟ್ಟುವ ಕೊಟ್ಟಿಗೆ. ನಿಮ್ಮ ಮಾತು ನಂಬಿದವನು ಜ್ವರ ಬಂದದ್ದನ್ನೂ ಬಾರದ್ದನ್ನೂ ಒಂದೇ ಮಾಡಿನ ಕೆಳಗೆ ಕಟ್ಟಿ ಬಾಗಿಲು ಹಾಕುತ್ತಾನೆ.

ಇದನ್ನು ಸಮಿತಿಯ ಮುಂದೆ ಇಡಿ. ಅವರು ಏನು ಹೇಳುತ್ತಾರೆಂದು ತಿಳಿಸಿ.

ಗುಲಾಬಿ ಶೆಡ್ತಿ

*

ವಂಡ್ಸೆ
19 ನವೆಂಬರ್ 1961

ಮಾನ್ಯರೇ,

ನಿಮ್ಮಿಂದ ಕಾಗದವಿಲ್ಲ. ದಿನಾ ಬಸ್ಸಿನ ಹೊತ್ತಿಗೆ ಪೋಸ್ಟಾಫೀಸಿನ ಮೆಟ್ಟಿಲಲ್ಲಿ ನಿಲ್ಲುತ್ತೇನೆ. ನನ್ನನ್ನು ಕಂಡರೆ ಪೋಸ್ಟ್‌ಮನ್ ದೂರದಿಂದಲೇ ತಲೆಯಾಡಿಸುತ್ತಾನೆ.

ನಮ್ಮ ಹಟ್ಟಿ ಖಾಲಿಯಾಗುತ್ತಿದೆ. ದೀಪಾವಳಿಯ ಮರುದಿನ ಮಾವ ಕರು ಹಾಕಿದ ಹಸುವನ್ನು ಹಗ್ಗ ಹಿಡಿದು ಹೊಳೆ ದಾಟಿಸಿದರು. ಹಸುವನ್ನೂ ಗಂಡು ಕರುವನ್ನೂ ಬಚ್ಚನ ಹಟ್ಟಿಯಲ್ಲಿ ಕಟ್ಟಿ ಬಂದರು. ಕಳೆದ ವಾರ ನಾಗನ ಮನೆಗೆ ಒಂದು ಎಮ್ಮೆ ಹೋಯಿತು. ಈಗ ನಮ್ಮಲ್ಲಿ ಉಳಿದದ್ದು ಒಂದು ಮುದಿ ಹಸು. ಅಮ್ಮ ಅಳುತ್ತ ಅಡ್ಡ ನಿಂತರೆ ಮಾವ ಅಂದರು: “ಅವ್ರ ಹಟ್ಟಿ ಖಾಲಿ ಇಪ್ಪತಿಗೆ ನಮ್ದ್ ತುಂಬಿದ್ರೆ ನಂಗ್ ಉಂಡದ್ದ್ ಸೇರುದಿಲ್ಲ.”

ಬಚ್ಚ ಬೇಡವೆಂದು ಹೇಳಲಿಲ್ಲ, ಕೃತಜ್ಞತೆಯನ್ನೂ ಹೇಳಲಿಲ್ಲ. ಮಾವ ಬಂದರೆ ಎದ್ದು ನಿಲ್ಲುತ್ತಾನೆ, ಮಾತಾಡುವುದಿಲ್ಲ.

ಮಾವನ ಕಾಲು ಬಿರಿದಿದೆ. ಮೊನ್ನೆ ಬಾರ್ಕೂರಿನವರೆಗೆ ನಡೆದು ಹೋಗಿದ್ದರು. ಅಲ್ಲಿ ಯಾರದೋ ಹೋರಿ ಕುಂಟುತ್ತದೆ ಎಂಬ ಸುದ್ದಿ ಕೇಳಿದ್ದರಂತೆ. ನೋಡಿದರೆ ಲಾಳ ಕಿತ್ತಿತ್ತು, ಅಷ್ಟೇ. ಅಷ್ಟಕ್ಕೆ ಮೂರು ದಿನ ಮನೆಯಲ್ಲಿ ನಾವು ಬಾವಿ ಇಣುಕಿದೆವು, ಹೊಳೆಯ ಬದಿ ಹುಡುಕಿದೆವು.

ಎರಡೇ ಸಾಲು ಬರೆಯಲು ನಿಮಗೇನು ಕಷ್ಟ?

ಗುಲಾಬಿ

*

ಬೆಂಗಳೂರು
4 ಡಿಸೆಂಬರ್ 1961

ಗುಲಾಬಿಯವರಿಗೆ,

ನಿಮ್ಮ ಸೆಪ್ಟೆಂಬರದ ಕಾಗದ ಬಂದ ದಿನ ಇಪ್ಪತ್ತೆರಡನೆಯ ಪುಟ ಅಚ್ಚಿನ ಮನೆಯಲ್ಲಿತ್ತು. ಹಟ್ಟಿಯ ಮಾತು ಓದಿದವನಿಗೆ ಕುರ್ಚಿಯಲ್ಲಿ ಕೂರಲಾಗಲಿಲ್ಲ. ನಡೆದೇ ಹೋಗಿ ಅಚ್ಚು ನಿಲ್ಲಿಸಿದೆ. ಆಮೇಲೆ ಎರಡು ತಿಂಗಳು ಸಮಿತಿಯೊಡನೆ ಜಗಳ. ಒಬ್ಬ ಹಳ್ಳಿಯ ಹೆಂಗಸಿನ ಮಾತಿಗೆ ಅಚ್ಚಾದ ಹಾಳೆ ಎಸೆಯಬೇಕೆ ಎಂದರು. ಕೊನೆಗೆ ನಾನು ಸಮಿತಿ ಬಿಟ್ಟೆ. ಹಾಳೆಗಳನ್ನು ಅವರು ಎಸೆದರು, ತಪ್ಪಾಯಿತೆಂದು ಮಾತ್ರ ಹೇಳಲಿಲ್ಲ.

ಆದರೆ ನಾನು ನಿಮಗೆ ಬರೆಯದೆ ಉಳಿದದ್ದಕ್ಕೆ ಕಾರಣ ಇದಲ್ಲ. ಬೇರೆ ಇದೆ, ಹೇಳುತ್ತೇನೆ.

ಕೈಪಿಡಿ ಕರಡಿನಲ್ಲಿದ್ದಾಗ ಅದನ್ನು ಹತ್ತು ಊರಿನ ನೌಕರರಿಗೆ ಕಳಿಸಿದ್ದೆ. ಕುಂದಾಪುರದಿಂದ ಒಂದು ಕಾರ್ಡು ಬಂದಿತ್ತು. ‘ಸ್ವಾಮಿ, ಚಪ್ಪೆ ಎಂದರೆ ಇಲ್ಲಿ ಉಪ್ಪಿಲ್ಲದ್ದು ಎಂದಾಗುತ್ತದೆ. ತೊಡೆ ಬಾವು ಎಂದು ಅಚ್ಚು ಹಾಕಿಸಿದರೆ ಎಲ್ಲರಿಗೂ ತಿಳಿಯುತ್ತದೆ.’ ಸಹಿ, ರತ್ನಾಕರ, ಸ್ಟಾಕ್‌ಮನ್. ನಾನು ಅದರ ಅಂಚಿನಲ್ಲಿ ‘ಗ್ರಾಮ್ಯ’ ಎಂದು ಬರೆದು ಫೈಲಿಗೆ ಸೇರಿಸಿದೆ. ಪಶುವೈದ್ಯ ಓದಿದವನಿಗೆ ಸ್ಟಾಕ್‌ಮನ್ ಪದ ಕಲಿಸುವುದೇ ಎಂದು ಅನಿಸಿತ್ತು. ನಿಮ್ಮ ಮೊದಲ ಕಾಗದ ಬಂದಾಗ ನನಗೆ ಆ ಕಾರ್ಡು ನೆನಪಾಗಲಿಲ್ಲ. ಎರಡನೆಯದು ಬಂದಾಗ ನೆನಪಾಯಿತು. ನೆನಪಾದ ಮೇಲೂ ಸಮಿತಿಯ ಹೆಸರಿನಲ್ಲಿ ಆ ಸೆಪ್ಟೆಂಬರದ ಕಾಗದ ಬರೆದೆ.

ಐದು ಹೋರಿಗಳ ಸಾವು ನನ್ನ ಮೇಲಿದೆ. ನಿಮ್ಮ ಮಾವನವರಿಗೆ ಇದನ್ನೆಲ್ಲ ಬಿಡಿಸಿ ಬರೆದ ಕಾಗದ ಇದರೊಳಗಿದೆ. ಸಮಿತಿಯ ಮೊಹರಿಲ್ಲ, ನನ್ನ ಸಹಿ ಮಾತ್ರ. ಅದನ್ನು ನಾಲ್ಕು ಜನರೆದುರು ಓದಬಹುದು.

ಚೆನ್ನಿಗರಾಯ

*

ವಂಡ್ಸೆ
12 ಡಿಸೆಂಬರ್ 1961

ಮಾನ್ಯ ಡಾಕ್ಟರರಿಗೆ,

ಮಾವನಿಗೆ ಕಾಗದ ಕೊಟ್ಟೆ. ನಿಂತುಕೊಂಡೇ ಓದಿದರು. ಓದಿ ಮಡಿಚಿ ನನ್ನ ಕೈಗೇ ಕೊಟ್ಟರು. “ಒಳ್ಳೆ ಮನ್ಷ. ಬರ್ದದ್ದ್ ಒಪ್ಕಂಡ. ಇದ್ ನಿಂಗೇ ಇಟ್ಕೊ ಹೆಣೆ” ಎಂದು ಅಂಗಳಕ್ಕಿಳಿದರು. ಹೆಣೆ ಎಂದರೆ ನಮ್ಮಲ್ಲಿ ಹುಡುಗಿ ಎಂದು ಕರೆದಂತೆ, ಆದರೆ ನಿಂಗೇ ಎಂದದ್ದು ಯಾಕೆ ಎಂದು ನಿಮಗೆ ತಿಳಿಯಲಾರದು. ನಾನೂ ನಿಮಗೆ ಒಂದು ಮಾತು ಬರೆಯದೆ ಇಟ್ಟಿದ್ದೇನೆ.

ಪುಸ್ತಕ ಓದಿದ್ದು ಮಾವ ಅಲ್ಲ, ನಾನು.

ಆ ದಿನ ಮಾವನಿಗೆ ಜ್ವರ. ಚಾಪೆಯಲ್ಲಿ ಮಲಗಿದ್ದರು. ಹೊಳೆಯಾಚೆಯವರು ಸಂಜೆ ಬರುತ್ತಾರೆ, ಆ ರೋಗದ ಪುಟ ಒಮ್ಮೆ ಓದಿ ಹೇಳು ಎಂದರು. ನಾನು ಗೆರಸೆ ಹಿಡಿದು ಅಕ್ಕಿ ಕೇರುತ್ತಿದ್ದೆ. ಗೆರಸೆ ಕೆಳಗಿಡದೆ, ಪುಸ್ತಕವನ್ನು ಮೊಣಕಾಲಿನ ಮೇಲೆ ತೆರೆದಿಟ್ಟು ಮೇಲಿನ ಎರಡು ಸಾಲು ನೋಡಿದೆ. “ಚಪ್ಪೆ ರೋಗ ಅಂಬ್ರ್ ಮಾವ. ಉಪ್ಪ್ ಕಮ್ಮಿ ಆರೆ ಬಪ್ಪುದ್ ಆಯ್ಕ್” ಎಂದೆ. “ಸಮಾ ಕಂಡ್ಯಾ?” ಎಂದು ಕೇಳಿದರು. “ಹೌದ್” ಎಂದೆ. ಚುಚ್ಚುಮದ್ದು ಎಂಬ ಮಾತು ಕೆಳಗಿತ್ತು. ನಾನು ಅಷ್ಟು ಕೆಳಗೆ ಹೋಗಲಿಲ್ಲ.

ಎಂಟನೆಯ ಕ್ಲಾಸು ಓದಿದವಳೆಂದು ಈ ಊರಿನ ಹೆಂಗಸರೆಲ್ಲ ಬೊಂಬಾಯಿಯಿಂದ ಬಂದ ಕಾಗದಗಳನ್ನು ನನ್ನಿಂದ ಓದಿಸುತ್ತಾರೆ. ಬಚ್ಚನ ಹೋರಿ ಸತ್ತ ದಿನ ನಾನು ಬಾಯಿ ತೆರೆಯಲು ಹೋದೆ. ಮಾವ ನನ್ನ ಮೊಣಕೈ ಹಿಡಿದು ಒಳಗೆ ಕರೆದೊಯ್ದರು. “ಓದಿದ್ದ್ ನೀನ್ ಆರೂ, ಊರಿಗ್ ಹೇಳಿದ್ದ್ ನಾನ್. ನೀ ಸುಮ್ನಿರ್” ಎಂದರು. ನಾನು ಸುಮ್ಮನಿದ್ದೆ. ಆರು ತಿಂಗಳಿನಿಂದ ಅವರು ದಾರಿಯಲ್ಲಿ ಅಡ್ಡಾಡುತ್ತಾರೆ, ನಾನು ಮನೆಯೊಳಗೆ ಅಡ್ಡಾಡುತ್ತೇನೆ. ಓದಿದವರದ್ದು ತಪ್ಪಲ್ಲ ಎಂದು ನಿಮ್ಮಿಂದ ಬರೆಸಿಕೊಳ್ಳಲು ಹೊರಟದ್ದು ಅವರಿಗಾಗಿ ಎಂದು ನಾನೇ ನಂಬಿದ್ದೆ.

ಈಗ ನಿಮ್ಮ ಕಾಗದವನ್ನು ನಾಲ್ಕು ಜನರೆದುರು ಹೇಗೆ ಓದಲಿ?

ಗುಲಾಬಿ

*

ಬೆಂಗಳೂರು
22 ಡಿಸೆಂಬರ್ 1961

ಗುಲಾಬಿಯವರಿಗೆ,

ನೀವು ಓದಬೇಡಿ. ನಾನೇ ಬಂದು ಹೇಳುತ್ತೇನೆ. ಜನವರಿ ಏಳರಂದು ಶಿವಮೊಗ್ಗ ಮಾರ್ಗವಾಗಿ ಹೊರಟು ಎಂಟರ ಮಧ್ಯಾಹ್ನ ಕುಂದಾಪುರ. ರತ್ನಾಕರರಿಗೂ ಬರೆದಿದ್ದೇನೆ. ನನ್ನ ಪಾಲಿನದನ್ನು ನಾನು ಹೇಳುತ್ತೇನೆ. ನಿಮ್ಮದನ್ನು ಹೇಳುವುದು ಬಿಡುವುದು ನಿಮಗೆ ಬಿಟ್ಟದ್ದು. ನನ್ನ ಬಾಯಿಯಿಂದ ಅದು ಬರುವುದಿಲ್ಲ.

ಚೆನ್ನಿಗರಾಯ

*

ವಂಡ್ಸೆ
3 ಜೂನ್ 1962

ಪೂಜ್ಯ ಡಾಕ್ಟರರಿಗೆ ಗುಲಾಬಿಯ ನಮಸ್ಕಾರಗಳು.

ಐದು ತಿಂಗಳು ನಾನೇ ಬರೆಯಲಿಲ್ಲ. ಜನವರಿಯಲ್ಲಿ ಬಂದಾಗ ನೀವು ಬಚ್ಚನ ಅಂಗಳದಲ್ಲಿ ನಿಂತು, ರತ್ನಾಕರರ ಕಾರ್ಡನ್ನು ಕಿಸೆಯಿಂದ ತೆಗೆದು, ‘ಇವರು ಹೇಳಿದ್ದರು, ನಾನು ಕೇಳಲಿಲ್ಲ’ ಎಂದಿರಿ. ಆಗ ನಾನು ಮಾವನ ಹಿಂದೆ ನಿಂತಿದ್ದೆ. ನೀವು ಒಮ್ಮೆ ನನ್ನ ಕಡೆ ನೋಡಿದಿರಿ. ನಾನು ನನ್ನದನ್ನು ಹೇಳದೆ ಮಾವನ ಬೆನ್ನಿಗೆ ಇನ್ನಷ್ಟು ಸರಿದೆ. ನೀವು ಬಸ್ಸು ಹತ್ತಿದ ಮೇಲೆ ಊರಿನವರು ಮಾವನೊಡನೆ ಮೊದಲಿನಂತೆ ಮಾತಾಡತೊಡಗಿದರು. ಮಾವ ಊಟಕ್ಕೆ ಸರಿಯಾಗಿ ಕೂತರು. ಎಲ್ಲ ಸರಿಹೋಯಿತು ಎಂದು ಅಮ್ಮ ಆನೆಗುಡ್ಡೆಗೆ ಹೋಗಿ ತೆಂಗಿನಕಾಯಿ ಒಡೆಸಿ ಬಂದಳು. ನನಗೆ ಮಾತ್ರ ಸರಿಹೋಗಲಿಲ್ಲ. ಯಾರಾದರೂ ಓದಿಸಲು ಕಾಗದ ತಂದರೆ ತಲೆನೋವೆಂದು ಹೇಳಿ ಒಳಗೆ ಹೋಗುತ್ತಿದ್ದೆ.

ಮೇ ಇಪ್ಪತ್ತೆರಡಕ್ಕೆ ರತ್ನಾಕರರು ಮದ್ದು ತಂದರು. ಈ ಸಲ ನೀವು ಕಳಿಸಿದ ಚೀಟಿ ಮನೆಮನೆಗೆ ಮುಟ್ಟಿತ್ತು, ‘ತೊಡೆ ಬಾವು’ ಎಂದೇ ಅಚ್ಚಾಗಿತ್ತು. ಶಾಲೆಯ ಬಯಲಲ್ಲಿ ಕಾಲಿಡಲು ಜಾಗವಿರಲಿಲ್ಲ. ಬಚ್ಚ ಬರಲಿಲ್ಲ.

ನಾನು ಹೊಳೆ ದಾಟಿ ಹೋದೆ. ಮಾವ ಕೊಟ್ಟ ಹಸುವಿನ ಕರುವನ್ನು ಅವನು ಹಟ್ಟಿಯ ಕಂಬಕ್ಕೆ ಕಟ್ಟಿದ್ದ. ಒಳ್ಳೆಯ ಮೈ ಬಂದಿದೆ, ಆ ರೋಗ ಆರಿಸಿಕೊಳ್ಳುವಂಥದೇ. ಕರು ಯಾಕೆ ತರಲಿಲ್ಲ ಎಂದೆ. “ಹೋದೊರ್ಷ ಕಾಗ್ದ ಓದಿ ಬೇಡ ಅಂದ್ರ್. ಈ ವರ್ಷ ಕಾಗ್ದ ಓದಿ ಬೇಕ್ ಅಂತ್ರ್. ನಂಗ್ ಕಾಗ್ದದ್ದ್ ಎಂತದೂ ಬೇಡ ಅಮ್ಮ” ಎಂದ.

ಅಷ್ಟರಲ್ಲಿ ಮಾವ ನನ್ನ ಹಿಂದೆಯೇ ಬಂದಿದ್ದರು. ನಾನು ಏನು ಹೇಳಲಿದ್ದೇನೆಂದು ಅವರಿಗೆ ತಿಳಿಯಿತು. “ಹೆಣೆ, ಮನಿಗ್ ಹೋಪ” ಎಂದರು. ನಾನು ಹೋಗಲಿಲ್ಲ. ಬಚ್ಚನಿಗೆ, ಅವನ ಹೆಂಡತಿ ಮುತ್ತುವಿಗೆ, ಬಾಗಿಲಲ್ಲಿ ನಿಂತಿದ್ದ ನಾಗನಿಗೆ ಹೇಳಿದೆ: “ಆವತ್ತ್ ಓದಿದ್ದ್ ಮಾವ ಅಲ್ಲ. ನಾನ್. ಅರ್ಧ ಓದಿ ಹೇಳ್ದೆ. ಮಾವ ನನ್ನ ನಂಬ್ರ್, ನೀವ್ ಮಾವನ್ನ ನಂಬ್ರಿ.”

 ಮುತ್ತು ಸೆರಗು ಬಾಯಿಗಿಟ್ಟು ಒಳಗೆ ಹೋದಳು. ಬಚ್ಚ ಬಹಳ ಹೊತ್ತು ಕರುವಿನ ಹಗ್ಗ ಬಿಗಿಯುತ್ತ, ಸಡಿಲಿಸುತ್ತ ನಿಂತ. ಕ್ಷಮಿಸಿದೆ ಎಂದು ಅವನು ಹೇಳಲಿಲ್ಲ. ಇಂದಿಗೂ ಹೇಳಿಲ್ಲ. ಆಮೇಲೆ ತಲೆಯೆತ್ತಿ ಕೇಳಿದ:

“ಆ ರೋಗ ಎಲ್ಲಿ ಬಪ್ಪುದ್? ಹೆಸ್ರ್ ಬೇಡ. ಕೈಯಂಗ್ ತೋರ್ಸಿ.”

ನಾನು ಕರುವಿನ ಸೊಂಟದ ಎಲುಬಿನಿಂದ ತೊಡೆಯ ದಪ್ಪದವರೆಗೆ ಕೈ ಇಳಿಸಿದೆ. ಚರ್ಮ ಬೆಚ್ಚಗಿತ್ತು, ಕೆಳಗಿನ ಮಾಂಸ ಗಟ್ಟಿಯಿತ್ತು. ನನ್ನ ಕೈಯ ಪಕ್ಕದಲ್ಲಿ ಬಚ್ಚ ತನ್ನ ಕೈ ಇಟ್ಟು ಒತ್ತಿ ನೋಡಿದ. ಕಳೆದ ವರ್ಷ ಅದೇ ಜಾಗವನ್ನು ಅವನು ಮುಟ್ಟಿ ನೋಡಿದ್ದ. ಅವನಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

“ಸಮ” ಎಂದ. ಹಗ್ಗ ಬಿಚ್ಚಿದ.

ಹೊಳೆಯಲ್ಲಿ ಕರು ಮುಂದೆ ಹೋಗಲು ಒಪ್ಪಲಿಲ್ಲ. ಬಚ್ಚ ಮುಂದಿನಿಂದ ಎಳೆದ, ಮಾವ ಹಿಂದಿನಿಂದ ದೂಡಿದರು, ನಾನು ಸೀರೆ ಎತ್ತಿ ಕಟ್ಟಿ ಅದರ ಕುತ್ತಿಗೆ ಹಿಡಿದೆ. ಬಯಲು ಮುಟ್ಟುವಾಗ ರತ್ನಾಕರರು ಡಬ್ಬಿ ಮುಚ್ಚುತ್ತಿದ್ದರು. ನಮ್ಮನ್ನು ಕಂಡು ಮತ್ತೆ ತೆರೆದರು. ಸೂಜಿ ಹೋದಾಗ ಕರು ಒದ್ದದ್ದು ಮಾವನ ಮೊಣಕಾಲಿಗೆ. ಅವರು ಶಾಲೆಯ ಮೆಟ್ಟಿಲ ಮೇಲೆ ಕೂತು ಕಾಲು ನೀವಿಕೊಂಡರು. ಆಮೇಲೆಯೂ ಎಷ್ಟೋ ಹೊತ್ತು ಅಲ್ಲೇ ಕೂತಿದ್ದರು.

ಗುಲಾಬಿ ಶೆಡ್ತಿ